ದನ ಮೆಲುಕು ಬಿಟ್ಟಿದೆಯೆ? ಮೊದಲು ಆ ಮಾತಿನ ಅರ್ಥ ತಿಳಿಯಿರಿ

ಕಾಯಿಲೆ ಬಿದ್ದ ಹಸುವನ್ನು ನೋಡಲು ಬಂದ ಪಶುವೈದ್ಯರು ಕೊಟ್ಟಿಗೆಗೆ ಕಾಲಿಡುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ. “ಮೆಲುಕು ಹಾಕ್ತಾ ಇದೆಯಾ?” ಮೇವು ತಿಂದಿತೆ, ನೀರು ಕುಡಿಯಿತೆ, ಹಾಲು ಎಷ್ಟು ಕೊಟ್ಟಿತು ಎಂಬ ಪ್ರಶ್ನೆಗಳು ಆಮೇಲೆ ಬರುತ್ತವೆ. ಈ ಮೊದಲ ಪ್ರಶ್ನೆಗೆ ನೀವು ಕೊಡುವ ಉತ್ತರ ಅವರಿಗೆ ಅರ್ಧ ದಾರಿ ತೋರಿಸುತ್ತದೆ. ಹಾಗಾದರೆ ಈ ಮೆಲುಕು ಎಂದರೇನು? ದಿನವೂ ಆಡುವ ಮಾತು, ದಿನವೂ ಕಾಣುವ ಕೆಲಸ. ಆದರೆ ಅದರ ಅರ್ಥವನ್ನು ನಿಂತು ಯೋಚಿಸುವವರು ಕಡಿಮೆ. ಯೋಚಿಸಿದರೆ ಲಾಭವಿದೆ. ಈ ಮಾತಿನ ಹುಟ್ಟನ್ನು ಸರಿಯಾಗಿ ತಿಳಿದವನು ತನ್ನ ದನಕ್ಕೆ ತಪ್ಪು ಮದ್ದು ಮಾಡುವುದಿಲ್ಲ.

ಮಾತು ಹುಟ್ಟಿದ್ದು ಎಲ್ಲಿಂದ?

ಮೆಲುಕು ಅಚ್ಚಕನ್ನಡದ ಮಾತು. ಇದರ ಬೇರು ‘ಮೆಲ್’. ಮೆಲ್ ಎಂದರೆ ಅಗಿ, ಜಗಿ, ಅಗಿದು ತಿನ್ನು ಎಂದು ಅರ್ಥ. ಹಿರಿಯರು ಇಂದಿಗೂ ಎಲೆ ಅಡಿಕೆಯನ್ನು ‘ತಿಂದೆ’ ಎನ್ನುವುದಕ್ಕಿಂತ ‘ಮೆದ್ದೆ’ ಎನ್ನುವುದುಂಟು. ‘ಮೆಲ್ಲು’, ‘ಮೆದ್ದು’ ಎಂಬ ರೂಪಗಳು ಅದೇ ಬೇರಿನ ಚಿಗುರುಗಳು. ಮೆಲಕು, ಮೆಲುಕು, ಮೆಲ್ಕು ಎಂದು ಮೂರು ಬಗೆಯಾಗಿ ಬರುವ ಮಾತು ಕೂಡ ಅಲ್ಲಿಂದಲೇ ಬಂದದ್ದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ಕನ್ನಡ ನಿಘಂಟಿನಲ್ಲಿ ಇವು ಸಿಗುತ್ತವೆ. ದ್ರಾವಿಡ ಭಾಷೆಗಳ ಪದಗಳನ್ನು ಜೋಡಿಸಿ ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು 1961ರಲ್ಲಿ ಹೊರತಂದ ಕೋಶದಲ್ಲಿಯೂ ಕನ್ನಡದ ಮೆಲ್, ತಮಿಳಿನ ಮೆಲ್, ಮಲಯಾಳದ ಮೆಲ್ಲುಕ ಮೂರೂ ಒಂದೇ ಮನೆಯ ಮಕ್ಕಳಾಗಿ ಒಟ್ಟಿಗೆ ಕೂತಿವೆ. ಎಲ್ಲದರ ಅರ್ಥವೂ ಅಗಿಯುವುದೇ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ದನ ಮೆಲ್ಲಗೆ, ನಿಧಾನವಾಗಿ ಅಗಿಯುತ್ತದೆ, ಅದಕ್ಕೇ ‘ಮೆಲುಕು’ ಎಂದು ಅನೇಕರು ಅರ್ಥ ಮಾಡಿಕೊಳ್ಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಸರಿಯಲ್ಲ. ಮೆಲ್ಲಗೆ, ಮೆಲ್ಲನೆ ಎಂಬಲ್ಲಿ ಇರುವ ‘ಮೆಲ್’ ಬೇರೆ. ಅದರ ಅರ್ಥ ಮೃದು, ನವುರು. ನಿಘಂಟುಗಳು ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿವೆ. ಮೆಲುಕಿನಲ್ಲಿ ಇರುವುದು ನಿಧಾನವಲ್ಲ, ದವಡೆಯ ದುಡಿಮೆ.

ನೆರೆಹೊರೆಯವರು ಏನನ್ನುತ್ತಾರೆ?

ಗಡಿಯಾಚೆ ಹೋದರೆ ಇದೇ ಕೆಲಸಕ್ಕೆ ಬೇರೆ ಮಾತುಗಳು. ತಮಿಳಿನವರು ‘ಅಸೈ ಪೋಡು’ ಎನ್ನುತ್ತಾರೆ. ಅಸೈ ಎಂದರೆ ಅಲುಗಾಟ. ತೆಲುಗಿನವರದು ‘ನೆಮರು’, ಮಲಯಾಳದವರದು ‘ಅಯವಿರಕ್ಕುಕ’. ಹಿಂದಿಯವರು ‘ಜುಗಾಲಿ’ ಎನ್ನುತ್ತಾರೆ. ಮರಾಠಿಯ ರೈತರು ‘ರವಂಥ’ ಎನ್ನುತ್ತಾರೆ. ಅದು ಸಂಸ್ಕೃತದ ‘ರೋಮಂಥ’ ಸವೆದು ಆದದ್ದು.

ಈ ರೋಮಂಥಕ್ಕೆ ಪಾಣಿನಿಯ ವ್ಯಾಕರಣದಲ್ಲಿಯೇ ಜಾಗ ಸಿಕ್ಕಿದೆ. ಆ ಪದದಿಂದ ಕ್ರಿಯಾಪದ ಮಾಡುವ ಬಗೆಯನ್ನು ಆತ ಒಂದು ಸೂತ್ರದಲ್ಲಿ ಹೇಳಿದ್ದಾನೆ. ಅವನ ನಂತರ ಬಂದವರು ಅದಕ್ಕೆ ಒಂದು ತಿದ್ದುಪಡಿ ಸೇರಿಸಿದರು: ದವಡೆ ಅಲುಗುತ್ತಿದ್ದರೆ ಮಾತ್ರ ಈ ಕ್ರಿಯಾಪದ ಸಲ್ಲುತ್ತದೆ, ಇಲ್ಲದಿದ್ದರೆ ಇಲ್ಲ ಎಂದು. ವ್ಯಾಕರಣದ ಪಂಡಿತರಿಗೂ ದವಡೆಯ ಮೇಲೆ ಕಣ್ಣಿತ್ತು ಎಂದಾಯಿತು.

ಇಂಗ್ಲಿಷಿನ ಕಥೆ ಬೇರೆ. ಪಶುವೈದ್ಯರು ದನದ ಮೊದಲ ಹೊಟ್ಟೆಯನ್ನು ‘ರೂಮೆನ್’ ಎನ್ನುತ್ತಾರೆ. ಅದು ಲ್ಯಾಟಿನ್ ಮಾತು, ಮೂಲದಲ್ಲಿ ಗಂಟಲು ಎಂಬ ಅರ್ಥವಿತ್ತು. ಆದರೆ ಇಂಗ್ಲೆಂಡಿನ ಹಳ್ಳಿಗನ ಬಾಯಲ್ಲಿರುವುದು ‘ಕಡ್’ ಎಂಬ ಹಳೆಯ ಮಾತು. ಕಡ್ ಎಂದರೆ ಅಗಿಯುವ ಕೆಲಸವಲ್ಲ, ಬಾಯಲ್ಲಿ ಇರುವ ಅಂಟಾದ ಉಂಡೆ. ಭಾಷಾ ವಿದ್ವಾಂಸರ ಪ್ರಕಾರ ಈ ಮಾತಿಗೂ ಸಂಸ್ಕೃತದ ‘ಜತು’ ಎಂಬ ಮಾತಿಗೂ ನಂಟಿದೆ. ಜತು ಎಂದರೆ ಅರಗು. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯನ್ನು ‘ಜತುಗೃಹ’ ಎನ್ನುತ್ತೇವಲ್ಲ, ಅದೇ ಜತು.

ಕಳೆದುಹೋದ ಉಂಡೆ

ಇಲ್ಲಿಯೇ ಮಾತಿನ ಅರ್ಥ ದನದ ಪ್ರಾಣಕ್ಕೆ ತಾಗುತ್ತದೆ. ಕಡ್ ಎಂದರೆ ಒಂದು ವಸ್ತು ಎಂದು ತಿಳಿದಿದ್ದರಿಂದ ಇಂಗ್ಲೆಂಡ್, ಅಮೆರಿಕಗಳ ಹಿಂದಿನ ಕಾಲದ ರೈತರು, ದನ ಮೆಲುಕು ನಿಲ್ಲಿಸಿದರೆ ‘ಅದರ ಉಂಡೆ ಕಳೆದುಹೋಗಿದೆ’ ಎನ್ನುತ್ತಿದ್ದರು. ಕಳೆದುಹೋದದ್ದಕ್ಕೆ ಬದಲಿ ಕೊಡಬೇಕಲ್ಲವೆ? ಜಿಡ್ಡು ಹತ್ತಿದ ಪಾತ್ರೆ ಒರೆಸುವ ಬಟ್ಟೆಯನ್ನೋ, ಉಪ್ಪು ಹಚ್ಚಿದ ಮಾಂಸದ ತುಂಡನ್ನೋ ಉಂಡೆ ಮಾಡಿ ದನದ ಬಾಯಿಗೆ ತುರುಕುತ್ತಿದ್ದರು. ರೋಗ ಎಲ್ಲೋ, ಮದ್ದು ಎಲ್ಲೋ. ಮಾತು ಅವರ ದಾರಿ ತಪ್ಪಿಸಿತ್ತು.

ನಮ್ಮ ಮಾತು ಹಾಗಲ್ಲ. ಮೆಲುಕು ಎಂದರೆ ಮೆಲ್ಲುವುದು. ಅದು ವಸ್ತುವಲ್ಲ, ಕೆಲಸ. ಕೆಲಸ ಕಳೆದುಹೋಗುವುದಿಲ್ಲ, ನಿಲ್ಲುತ್ತದೆ. ನಿಂತಿದ್ದರೆ ಅದನ್ನು ನಿಲ್ಲಿಸಿದ ಕಾರಣ ಒಂದಿರಲೇಬೇಕು. ಗಾಡಿ ನಿಂತರೆ ನೀವು ಎತ್ತನ್ನು ನೋಡುತ್ತೀರಿ, ಅಚ್ಚು ನೋಡುತ್ತೀರಿ, ಗಾಲಿಯ ಅಡಿಯ ಕಲ್ಲು ನೋಡುತ್ತೀರಿ. ಮೆಲುಕು ನಿಂತಾಗಲೂ ಹೀಗೆಯೇ ನೋಡಬೇಕು. ಮೆಲುಕು ಬಿಡುವುದು ಒಂದು ರೋಗವಲ್ಲ, ಹತ್ತಾರು ರೋಗಗಳ ಸೂಚನೆ. ಈ ಲೇಖನದಲ್ಲಿ ನೀವು ಒಂದನ್ನೇ ನೆನಪಿಡುವುದಾದರೆ ಇದನ್ನು ಇಡಿರಿ.

ಮೇಯುವುದು ಬೇರೆ, ಮೆಲ್ಲುವುದು ಬೇರೆ

ಕನ್ನಡದಲ್ಲಿ ದನಕ್ಕೆ ಎರಡು ಮಾತು ಇವೆ: ಮೇಯು ಮತ್ತು ಮೆಲ್ಲು. ಎರಡೂ ಬೇಕೇ ಬೇಕು, ಏಕೆಂದರೆ ದನ ಒಂದೇ ಮೇವನ್ನು ಎರಡು ಸಲ ತಿನ್ನುತ್ತದೆ.

ಮೊದಲನೆಯ ಸಲ ಮೇಯುತ್ತದೆ. ದನಕ್ಕೆ ಮೇಲಿನ ಮುಂದವಡೆಯಲ್ಲಿ ಹಲ್ಲಿಲ್ಲ, ಗಟ್ಟಿ ಒಸಡಿನ ದಿಂಡು ಮಾತ್ರ ಇದೆ. ನಾಲಗೆಯಿಂದ ಹುಲ್ಲನ್ನು ಸುತ್ತಿ, ಕೆಳಹಲ್ಲು ಮತ್ತು ಒಸಡಿನ ನಡುವೆ ಹಿಡಿದು ಕಿತ್ತು, ಅರೆಬರೆ ಅಗಿದು ನುಂಗುತ್ತದೆ. ಕಾಡಿನಲ್ಲಿ ಹುಲಿ ಚಿರತೆಗಳ ಭಯವಿದ್ದ ಜಾತಿಗೆ ಇದು ಅನುಕೂಲ. ಬಯಲಿನಲ್ಲಿ ಬೇಗ ಬೇಗ ತುಂಬಿಕೊಂಡು, ಆಮೇಲೆ ನೆರಳಿಗೆ ಬಂದು ಕೂತು ಅಗಿಯಬಹುದು.

ನುಂಗಿದ್ದು ಹೋಗುವುದು ದೊಡ್ಡ ಹೊಟ್ಟೆಗೆ. ದನಕ್ಕೆ ನಾಲ್ಕು ಹೊಟ್ಟೆ ಎಂದು ಕೇಳಿದ್ದೀರಿ. ಸರಿಯಾಗಿ ಹೇಳಬೇಕೆಂದರೆ ಒಂದೇ ಹೊಟ್ಟೆಯ ನಾಲ್ಕು ಕೋಣೆಗಳು. ಮೊದಲನೆಯದು ಎಡಪಕ್ಕೆಯನ್ನೆಲ್ಲ ತುಂಬಿರುವ ದೊಡ್ಡ ಹೊಟ್ಟೆ. ದೊಡ್ಡ ಗಾತ್ರದ ಮಿಶ್ರತಳಿ ಹಸುವಿನಲ್ಲಿ ಇದಕ್ಕೆ 100 ಲೀಟರಿಗೂ ಹೆಚ್ಚು ಹಿಡಿಸುತ್ತದೆ. ಎರಡನೆಯದು ಒಳಗೆ ಜೇನುಗೂಡಿನಂತೆ ಕಾಣುವ ಜಾಲರಿ ಹೊಟ್ಟೆ. ಮೂರನೆಯದು ಪುಸ್ತಕದ ಹಾಳೆಗಳಂತೆ ಪದರ ಪದರವಾದ ಎಲೆ ಹೊಟ್ಟೆ. ನಾಲ್ಕನೆಯದು ನಮ್ಮ ಹೊಟ್ಟೆಯಂತೆ ಜಠರರಸ ಸುರಿಸುವ ನಿಜ ಹೊಟ್ಟೆ.

ದೊಡ್ಡ ಹೊಟ್ಟೆಯನ್ನು ಒಂದು ದೊಡ್ಡ ಹುದುಗಿನ ಪಾತ್ರೆ ಎಂದು ತಿಳಿಯಿರಿ. ಮನೆಯಲ್ಲಿ ದೋಸೆಹಿಟ್ಟು ರಾತ್ರಿಯಿಡೀ ಹುದುಗು ಬರುತ್ತದಲ್ಲ, ಹಾಗೆ ಇಲ್ಲಿ ಮೇವು ಹಗಲಿರುಳೂ ಹುದುಗುತ್ತದೆ. ಒಣಹುಲ್ಲಿನ ನಾರನ್ನು ಒಡೆಯುವ ಶಕ್ತಿ ದನಕ್ಕೆ ತಾನಾಗಿ ಇಲ್ಲ. ಆ ಕೆಲಸ ಮಾಡುವವು ಕಣ್ಣಿಗೆ ಕಾಣದ ಅಣುಜೀವಿಗಳು. ಈ ಹೊಟ್ಟೆಯ ಒಂದು ಹನಿ ರಸದಲ್ಲಿ ಕೋಟಿಗಟ್ಟಲೆ ಇರುತ್ತವೆ. ಅವುಗಳಲ್ಲಿ ಕೆಲವನ್ನು 1843ರಲ್ಲಿಯೇ ಫ್ರಾನ್ಸಿನಲ್ಲಿ ಗ್ರುಬಿ ಮತ್ತು ಡೆಲಫಾನ್ ಎಂಬುವರು ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದಿದ್ದರು. ಈ ಜೀವಿಗಳು ನಾರನ್ನು ಒಡೆದಾಗ ಹುಟ್ಟುವ ಹುಳಿ ಆಮ್ಲಗಳೇ ದನಕ್ಕೆ ಬೇಕಾದ ಶಕ್ತಿಯ ಬಹುಪಾಲನ್ನು ಕೊಡುತ್ತವೆ. ಹಾಲಿನ ಕೊಬ್ಬಿಗೂ ಅವೇ ಮೂಲ. ನೀವು ಹುಲ್ಲು ಹಾಕುವುದು ಹಸುವಿಗೆ ಅಲ್ಲ, ಹಸುವಿನೊಳಗಿನ ಈ ಕೂಲಿಯಾಳುಗಳಿಗೆ ಎಂದರೂ ತಪ್ಪಿಲ್ಲ.

ಈ ಆಳುಗಳಿಗೆ ಮೇವನ್ನು ಸಣ್ಣಗೆ ಮಾಡಿ ಕೊಡುವವರು ಯಾರು? ಅದೇ ಎರಡನೆಯ ಸಲದ ತಿನ್ನಾಟ, ಮೆಲುಕು. ದನ ಕೂತು ನೆಮ್ಮದಿಯಾದ ಮೇಲೆ ಜಾಲರಿ ಹೊಟ್ಟೆ ಒಮ್ಮೆ ಹೆಚ್ಚಾಗಿ ಹಿಂಡಿಕೊಳ್ಳುತ್ತದೆ. ಒದ್ದೆ ಮೇವಿನ ಉಂಡೆಯೊಂದು ಅನ್ನನಾಳದಲ್ಲಿ ಮೇಲಕ್ಕೆ ಬರುತ್ತದೆ. ಕತ್ತಿನ ಎಡಬದಿಯನ್ನು ದಿಟ್ಟಿಸಿ ನೋಡಿದರೆ ಆ ಉಂಡೆ ಮೇಲಕ್ಕೆ ಓಡುವುದು ಕಾಣುತ್ತದೆ. ಬಾಯಿಗೆ ಬಂದೊಡನೆ ನೀರನ್ನು ಹಿಂಡಿ ನುಂಗಿ, ಉಳಿದ ನಾರನ್ನು ದವಡೆ ಹಲ್ಲುಗಳಲ್ಲಿ ಬೀಸುಕಲ್ಲಿನಂತೆ ಅಡ್ಡಡ್ಡ ತಿರುಗಿಸಿ ಅರೆಯುತ್ತದೆ. ಒಂದು ಉಂಡೆಗೆ ಹೆಚ್ಚು ಕಡಿಮೆ ಒಂದು ನಿಮಿಷ, 40ರಿಂದ 70 ಅಗಿತ. ಮತ್ತೆ ನುಂಗುತ್ತದೆ. ಮೂರು ನಾಲ್ಕು ಸೆಕೆಂಡು ಬಿಡುವು. ಮತ್ತೊಂದು ಉಂಡೆ.

ಹೀಗೆ ದಿನಕ್ಕೆ ಆರರಿಂದ ಎಂಟು ಗಂಟೆ. ಏಳು ಗಂಟೆ ಎಂದು ಹಿಡಿದು ಲೆಕ್ಕ ಹಾಕಿ ನೋಡಿ: ನಾನೂರಕ್ಕೂ ಮಿಕ್ಕ ಉಂಡೆಗಳು, ಉಂಡೆಗೆ 50 ಅಗಿತವಾದರೆ ಇಪ್ಪತ್ತು ಸಾವಿರ ಸಲ ದವಡೆ ತಿರುಗಿದಂತಾಯಿತು. ಕೂತ ದನ ಸುಮ್ಮನೆ ಕೂತಿದೆ ಎಂದು ಎಬ್ಬಿಸಿ ಓಡಿಸಬೇಡಿರಿ. ಅದು ಕೆಲಸದಲ್ಲಿದೆ.

ಜೊಲ್ಲಿನ ಬೆಲೆ

ಮೆಲುಕಿನಿಂದ ಮೇವು ನುಣ್ಣಗಾಗುವುದು ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭ ಜೊಲ್ಲು. ಅಗಿದಷ್ಟೂ ಜೊಲ್ಲು ಇಳಿಯುತ್ತದೆ. ದೊಡ್ಡ ಹಾಲಿನ ಹಸು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ಸುರಿಸಿ ನುಂಗುತ್ತದೆ. ಈ ಜೊಲ್ಲಿನಲ್ಲಿ ನಾವು ಅಡಿಗೆಗೆ ಬಳಸುವ ಸೋಡಾದಂಥ ಕ್ಷಾರವಿದೆ. ಒಟ್ಟು ಲೆಕ್ಕ ಹಾಕಿದರೆ ದಿನಕ್ಕೆ ಒಂದು ಕಿಲೋ ಸೋಡಾಕ್ಕೆ ಸಮನಾಗುತ್ತದೆ. ಹುದುಗಿನಿಂದ ಹುಟ್ಟುವ ಹುಳಿಯನ್ನು ಈ ಕ್ಷಾರ ತಗ್ಗಿಸುತ್ತದೆ. ಹುಳಿ ಹದದಲ್ಲಿದ್ದರೆ ನಾರು ಒಡೆಯುವ ಆಳುಗಳು ಬದುಕುತ್ತವೆ. ಹುಳಿ ಏರಿದರೆ ಸಾಯುತ್ತವೆ.

ಈಗ ಒಂದು ವಿಷಯ ಗೊತ್ತಾಯಿತು. ಬರೀ ಹಿಂಡಿ, ಹಿಟ್ಟು, ಪಶು ಆಹಾರ ಹೆಚ್ಚು ಹಾಕಿ ಹುಲ್ಲು ಕಡಿಮೆ ಮಾಡಿದರೆ ಏನಾಗುತ್ತದೆ? ಅಗಿಯಲು ನಾರಿಲ್ಲ. ಅಗಿಯದಿದ್ದರೆ ಜೊಲ್ಲಿಲ್ಲ. ಜೊಲ್ಲಿಲ್ಲದಿದ್ದರೆ ಹುಳಿ ತಗ್ಗುವುದಿಲ್ಲ. ಹಾಲಿನ ಕೊಬ್ಬು ಇಳಿಯುತ್ತದೆ. ಸಂಘದ ಡೇರಿಯಲ್ಲಿ ಪರೀಕ್ಷೆಗೆ ಕೊಟ್ಟ ಹಾಲಿನಲ್ಲಿ ಕೊಬ್ಬು ಕಡಿಮೆ ಬಂದಾಗ ಯಂತ್ರದ ಮೇಲೆ, ಕಾರ್ಯದರ್ಶಿಯ ಮೇಲೆ ಅನುಮಾನ ಪಡುವ ಮೊದಲು, ಕೊಟ್ಟಿಗೆಗೆ ಹೋಗಿ ಹಸುವಿನ ದವಡೆಯನ್ನು ನೋಡಿರಿ.

ಹಬ್ಬದ ಮರುದಿನದ ಸಾವು

ಮೆಲುಕು ನಿಲ್ಲಿಸುವ ಕಾರಣಗಳಲ್ಲಿ ನಮ್ಮ ಕೈಯಿಂದಲೇ ಆಗುವುದು, ನಾವೇ ತಡೆಯಬಹುದಾದದ್ದು ಹುಳಿಹೊಟ್ಟೆ. ದೀಪಾವಳಿಯ ಗೋಪೂಜೆ, ಸಂಕ್ರಾಂತಿ, ಕಾರ ಹುಣ್ಣಿಮೆ, ಮನೆಯಲ್ಲಿ ಮದುವೆ, ಊರಲ್ಲಿ ಸಂತರ್ಪಣೆ. ಉಳಿದ ಅನ್ನ, ಹೋಳಿಗೆ, ಪಾಯಸವನ್ನು ಪ್ರೀತಿಯಿಂದ ಹಸುವಿನ ಮುಂದೆ ಸುರಿಯುತ್ತೇವೆ. ಮಲೆನಾಡಿನಲ್ಲಿ ಹಲಸಿನ ಕಾಲದಲ್ಲಿ ಹಣ್ಣೂ ತೊಳೆಯೂ ಬುಟ್ಟಿಗಟ್ಟಲೆ ಹೋಗುತ್ತವೆ. ಒಕ್ಕಣೆಯ ಕಾಲದಲ್ಲಿ ಹಗ್ಗ ಬಿಚ್ಚಿಕೊಂಡ ಎತ್ತು ಕಣದಲ್ಲಿ ಜೋಳದ ರಾಶಿಗೆ ಬಾಯಿ ಹಾಕುತ್ತದೆ.

ಪಿಷ್ಟ ಮತ್ತು ಸಕ್ಕರೆ ನಾರಿನಂತೆ ನಿಧಾನವಾಗಿ ಹುದುಗುವುದಿಲ್ಲ. ಕೆಲವೇ ಗಂಟೆಗಳಲ್ಲಿ ಹುಳಿ ಏರುತ್ತದೆ. ನಾರು ಒಡೆಯುವ ಆಳುಗಳು ಸತ್ತು, ಹುಳಿ ಮಾಡುವ ಬೇರೆ ಜೀವಿಗಳು ಹೆಚ್ಚುತ್ತವೆ. ಹೊಟ್ಟೆಯ ಕದಲಿಕೆ ನಿಲ್ಲುತ್ತದೆ, ಮೆಲುಕು ನಿಲ್ಲುತ್ತದೆ. ಮೈಯ ನೀರೆಲ್ಲ ಹೊಟ್ಟೆಗೆ ಎಳೆದುಕೊಂಡು ಬರುತ್ತದೆ. ಹೊಟ್ಟೆ ಅಲುಗಿಸಿದರೆ ಕೊಡದ ನೀರಿನಂತೆ ತುಳುಕುತ್ತದೆ, ಆದರೆ ಕಣ್ಣು ಗುಳಿಬಿದ್ದು ಮೈ ಒಣಗಿರುತ್ತದೆ. ಸಗಣಿ ತೆಳ್ಳಗಾಗಿ ಹುಳಿ ನಾರುತ್ತದೆ. ದನ ಹಲ್ಲು ಕಡಿಯುತ್ತದೆ, ಕುಡಿದವರಂತೆ ತೂರಾಡುತ್ತದೆ, ಬಿದ್ದರೆ ಏಳುವುದಿಲ್ಲ. ಅತಿಯಾಗಿ ತಿಂದಿದ್ದರೆ ಒಂದೆರಡು ದಿನಗಳಲ್ಲಿ ಪ್ರಾಣ ಹೋಗುತ್ತದೆ. ಪೂಜೆ ಮಾಡಿದ ಕೈಯಿಂದಲೇ ಇದು ಆಗಬಾರದು. ಹಬ್ಬದ ದಿನ ಪ್ರಸಾದವೆಂದು ಒಂದು ತುತ್ತು ಸಾಕು. ಹೊಟ್ಟೆ ತುಂಬುವಷ್ಟು ಕೊಡುವುದಾದರೆ ಹಸಿ ಹುಲ್ಲು ಕೊಡಿರಿ.

ಬೇರೆ ಕಾರಣಗಳು

ಹೊಟ್ಟೆ ಉಬ್ಬರ: ಹುದುಗು ಬಂದಲ್ಲಿ ಗಾಳಿ ಹುಟ್ಟುವುದು ಸಹಜ. ಆರೋಗ್ಯದ ದನ ಅದನ್ನು ತೇಗಿ ಹೊರಹಾಕುತ್ತದೆ. ಎಳೆಯ ಕುದುರೆ ಮೆಂತ್ಯ, ಅಲಸಂದೆಯಂಥ ದ್ವಿದಳ ಸೊಪ್ಪನ್ನು ಇಬ್ಬನಿ ಆರುವ ಮೊದಲೇ ಹಸಿದ ಹೊಟ್ಟೆಗೆ ಹಾಕಿದರೆ ಗಾಳಿ ನೊರೆಯಾಗಿ ನಿಲ್ಲುತ್ತದೆ, ತೇಗು ಬರುವುದಿಲ್ಲ. ಗೆಡ್ಡೆಯೋ ಮಾವಿನ ಓಟೆಯೋ ಗಂಟಲಲ್ಲಿ ಸಿಕ್ಕಿದರೂ ಹೀಗೆಯೇ. ಎಡಪಕ್ಕೆ ತಮಟೆಯಂತೆ ಬಿಗಿಯುತ್ತದೆ. ಇದು ಗಂಟೆಗಳ ಲೆಕ್ಕದ ಕಾಯಿಲೆ, ನಾಳೆ ನೋಡೋಣ ಎನ್ನುವಂತಿಲ್ಲ.

ತಂತಿ, ಮೊಳೆ: ದನ ನಾಲಗೆಯಿಂದ ಸುತ್ತಿ ನುಂಗುವುದರಿಂದ ಹುಲ್ಲಿನ ಜೊತೆಗಿನ ತಂತಿ ಚೂರು ಅದಕ್ಕೆ ತಿಳಿಯುವುದಿಲ್ಲ. ಭಾರದ ವಸ್ತು ಜಾಲರಿ ಹೊಟ್ಟೆಯಲ್ಲಿ ಬಂದು ಕೂರುತ್ತದೆ. ಆ ಹೊಟ್ಟೆಯ ಮುಂದೆಯೇ ಗುಂಡಿಗೆ ಇದೆ. ಹಿಂಡಿಕೊಂಡಾಗಲೆಲ್ಲ ಮೊನೆ ಚುಚ್ಚುತ್ತದೆ. ದನ ಬೆನ್ನು ಗೂನು ಮಾಡಿ, ಮೊಣಕೈ ಹೊರಗೆ ಚಾಚಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುತ್ತದೆ. ಮನೆ ಕಟ್ಟಿದ ಜಾಗದ ಸುತ್ತ ಬಿದ್ದ ಮೊಳೆ, ತಂತಿಗಳನ್ನು ಆಯ್ದು ತೆಗೆಯಿರಿ.

ಪ್ಲಾಸ್ಟಿಕ್: ಚೀಲದೊಳಗಿನ ಹಣ್ಣಿನ ಸಿಪ್ಪೆಯ ಆಸೆಗೆ ದನ ಚೀಲವನ್ನೇ ನುಂಗುತ್ತದೆ. ಅಣುಜೀವಿಗಳು ಅದನ್ನು ಒಡೆಯಲಾರವು, ಮುಂದಿನ ಕಿರಿದಾದ ದಾರಿಯಲ್ಲಿ ಅದು ಹೋಗಲಾರದು. ವರ್ಷಗಟ್ಟಲೆ ಸೇರಿ ಹಗ್ಗದ ಉಂಡೆಯಾಗುತ್ತದೆ. ದೊಡ್ಡ ಹೊಟ್ಟೆಯನ್ನು ಕೊಯ್ದು ತೆಗೆಯದೆ ಬೇರೆ ದಾರಿ ಇರುವುದಿಲ್ಲ.

ಹಾಲು ಜ್ವರ: ಇಲ್ಲಿಯೂ ಮಾತು ದಾರಿ ತಪ್ಪಿಸುತ್ತದೆ. ಕರು ಹಾಕಿದ ಒಂದೆರಡು ದಿನಗಳಲ್ಲಿ ಹೆಚ್ಚು ಹಾಲಿನ ಹಸುವಿನ ರಕ್ತದಲ್ಲಿ ಸುಣ್ಣದ ಅಂಶ ಇಳಿಯುತ್ತದೆ. ಮೆಲುಕು ನಿಂತು, ಕಿವಿ ತಣ್ಣಗಾಗಿ, ಕತ್ತನ್ನು ಪಕ್ಕೆಯ ಕಡೆ ತಿರುಗಿಸಿ ಮಲಗುತ್ತದೆ. ಹೆಸರಿನಲ್ಲಿ ಜ್ವರವಿದ್ದರೂ ಮೈ ಬಿಸಿ ಇರುವುದಿಲ್ಲ. ಜ್ವರವೆಂದು ತಣ್ಣೀರು ಹಾಕುತ್ತ ಕೂತರೆ ಹಸು ಕೈಬಿಡುತ್ತದೆ. ವೈದ್ಯರು ರಕ್ತನಾಳಕ್ಕೆ ಸುಣ್ಣದ ಅಂಶದ ಮದ್ದು ಕೊಟ್ಟರೆ ಬಹುಪಾಲು ಹಸುಗಳು ಬೇಗ ಎದ್ದು ನಿಲ್ಲುತ್ತವೆ.

ಇವಲ್ಲದೆ ಕಾಲುಬಾಯಿ ಜ್ವರದಂಥ ನಿಜವಾದ ಜ್ವರಗಳು, ಕೆಚ್ಚಲು ಬಾವು, ನೋವು, ಕಡು ಬಿಸಿಲು, ಹೆದರಿಕೆ ಯಾವುದರಿಂದಲೂ ಮೆಲುಕು ಕುಗ್ಗಬಹುದು.

ನೀವೇ ಮಾಡಬಹುದಾದ ಪರೀಕ್ಷೆ

ಹಣ ಬೇಡ, ಯಂತ್ರ ಬೇಡ. ಮೇವು ತಿಂದು ಒಂದೆರಡು ಗಂಟೆ ಆದ ಮೇಲೆ ಕೊಟ್ಟಿಗೆಗೆ ಹೋಗಿ ಸದ್ದು ಮಾಡದೆ ನಿಲ್ಲಿರಿ. ಮಲಗಿ ವಿಶ್ರಮಿಸುವ ದನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿರಬೇಕು. ಒಂದು ದನವನ್ನು ಆರಿಸಿ ಒಂದು ಉಂಡೆಗೆ ಎಷ್ಟು ಅಗಿತ ಎಂದು ಎಣಿಸಿರಿ. 50, 60 ಬಂದರೆ ಒಳ್ಳೆಯದು. ಹಲವು ಉಂಡೆಗಳಲ್ಲಿ 40ಕ್ಕಿಂತ ಕಡಿಮೆ ಬಂದರೆ ಮೇವಿನಲ್ಲಿ ನಾರು ಸಾಲದು ಎಂದು ಅರ್ಥ.

ಆಮೇಲೆ ಎಡಬದಿಯಲ್ಲಿ ಕೊನೆಯ ಪಕ್ಕೆಲುಬಿನ ಹಿಂದಿನ ಗುಳಿಗೆ ಮುಷ್ಟಿಯನ್ನು ಒತ್ತಿ ಹಿಡಿಯಿರಿ. ಒಳಗೆ ಹೊಟ್ಟೆ ಹೊರಳಿ ಮುಷ್ಟಿಯನ್ನು ಹೊರಕ್ಕೆ ತಳ್ಳುವುದು ತಿಳಿಯುತ್ತದೆ. ಎರಡು ನಿಮಿಷದಲ್ಲಿ ಎರಡು ಮೂರು ಸಲ ತಳ್ಳಿದರೆ ಸರಿ. ಒಂದೂ ಇಲ್ಲದಿದ್ದರೆ ವೈದ್ಯರನ್ನು ಕರೆಯಿರಿ. ಆರೋಗ್ಯವಾಗಿದ್ದಾಗಲೇ ಎರಡು ಮೂರು ಸಲ ಈ ಪರೀಕ್ಷೆ ಮಾಡಿ ಕೈಗೆ ರೂಢಿ ಮಾಡಿಕೊಂಡಿರಿ. ಈಗ ದೊಡ್ಡ ಡೇರಿಗಳಲ್ಲಿ ಹಸುವಿನ ಕತ್ತಿಗೆ ಪಟ್ಟಿ ಕಟ್ಟಿ ದಿನಕ್ಕೆ ಎಷ್ಟು ನಿಮಿಷ ಮೆಲುಕು ಹಾಕಿತು ಎಂದು ಯಂತ್ರದಿಂದ ಅಳೆಯುತ್ತಾರೆ. ಹಾಲು ಇಳಿಯುವ ಮೊದಲೇ ಮೆಲುಕು ಇಳಿದದ್ದು ಅದರಲ್ಲಿ ಕಾಣುತ್ತದೆ. ಎರಡು ಹಸು ಇರುವ ನಿಮ್ಮ ಮನೆಗೆ ಆ ಪಟ್ಟಿ ಬೇಕಿಲ್ಲ. ನಿಮ್ಮ ಕಣ್ಣೇ ಸಾಕು.

ವೈದ್ಯರು ಬರುವವರೆಗೆ

ಮೆಲುಕು ನಿಂತಿರುವುದು ಖಚಿತವಾದರೆ ಹಿಂಡಿ, ಹಿಟ್ಟು, ಕಲಗಚ್ಚು ಎಲ್ಲವನ್ನೂ ನಿಲ್ಲಿಸಿ ಒಣಹುಲ್ಲು ಮಾತ್ರ ಮುಂದಿಡಿರಿ. ಅನ್ನ, ಕಾಳು ಅತಿಯಾಗಿ ತಿಂದದ್ದು ಕಂಡಿದ್ದರೆ ಲಕ್ಷಣ ಬರುವವರೆಗೆ ಕಾಯದೆ ವೈದ್ಯರಿಗೆ ತಿಳಿಸಿರಿ. ದನ ನಿಂತಿದ್ದು, ಚೆನ್ನಾಗಿ ನುಂಗುವಂತಿದ್ದರೆ ದೊಡ್ಡ ಹಸುವಿಗೆ 100ರಿಂದ 150 ಗ್ರಾಂ ಅಡಿಗೆ ಸೋಡಾವನ್ನು ಒಂದೆರಡು ಲೀಟರ್ ನೀರಿನಲ್ಲಿ ಕದಡಿ ನಿಧಾನವಾಗಿ ಕುಡಿಸುವುದು ವಾಡಿಕೆಯ ಪ್ರಥಮ ಚಿಕಿತ್ಸೆ. ವೈದ್ಯರು ಫೋನಿನಲ್ಲಿ ಸಿಕ್ಕರೆ ಅವರು ಹೇಳಿದ ಅಳತೆಯನ್ನೇ ಅನುಸರಿಸಿರಿ. ಉಬ್ಬರವಿದ್ದರೆ ಮುಂಗಾಲು ಎತ್ತರದಲ್ಲಿ ಇರುವಂತೆ ನಿಲ್ಲಿಸಿ, ಬಾಯಿಗೆ ಅಡ್ಡಲಾಗಿ ಒಂದು ಕೋಲು ಕಟ್ಟಿದರೆ ದನ ಅದನ್ನು ಅಗಿಯುತ್ತ ತೇಗಲು ಅನುಕೂಲವಾಗುತ್ತದೆ. ನೊರೆಯ ಉಬ್ಬರಕ್ಕೆ ಕಾಲು ಲೀಟರಿನಿಂದ ಅರ್ಧ ಲೀಟರ್ ಅಡಿಗೆ ಎಣ್ಣೆ ಸಹಾಯಕ.

ಗೊಟ್ಟದಲ್ಲಿ ಕುಡಿಸುವಾಗ ಎಚ್ಚರ ಬೇಕು. ನಾಲಗೆಯನ್ನು ಹೊರಗೆಳೆದು, ತಲೆಯನ್ನು ಆಕಾಶಕ್ಕೆತ್ತಿ ಸುರಿದರೆ ಮದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂಗಿನ ಮಟ್ಟ ಕಣ್ಣಿನ ಮಟ್ಟಕ್ಕಿಂತ ಮೇಲೇರಬಾರದು. ಕೆಮ್ಮಿದರೆ ಕೂಡಲೇ ನಿಲ್ಲಿಸಿ ತಲೆ ಬಿಡಿರಿ. ಮಲಗಿದ, ತೂಕಡಿಸುವ ದನಕ್ಕೆ ಏನನ್ನೂ ಕುಡಿಸಬಾರದು. ನಮ್ಮ ರಾಜ್ಯದಲ್ಲಿ 1962 ಸಂಖ್ಯೆಗೆ ಫೋನು ಮಾಡಿದರೆ ಪಶು ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನದ ನೆರವು ಕೇಳಬಹುದು.

ಹೊಟ್ಟೆಯ ಆಳುಗಳೆಲ್ಲ ಸತ್ತಿದ್ದರೆ ವೈದ್ಯರು ಆರೋಗ್ಯದ ದನದ ದೊಡ್ಡ ಹೊಟ್ಟೆಯ ರಸವನ್ನು ತಂದು ಕುಡಿಸುವುದುಂಟು. ಮಜ್ಜಿಗೆ ಹಾಕಿ ಹಾಲಿಗೆ ಹೆಪ್ಪು ಕೊಟ್ಟಂತೆ ಇದು. ಜಿಡ್ಡಿನ ಬಟ್ಟೆ ತುರುಕಿದ ಹಳಬರು ಹುಡುಕುತ್ತಿದ್ದ ‘ಬದಲಿ’ ಕೊನೆಗೆ ಸಿಕ್ಕಿದ್ದು ಈ ರೂಪದಲ್ಲಿ. ಬೇಕಾಗಿದ್ದದ್ದು ಉಂಡೆ ಅಲ್ಲ, ಕೆಲಸ ಮಾಡುವ ಜೀವಿಗಳು.

ಕರುವಿನ ಮೊದಲ ಮೆಲುಕು

ಹುಟ್ಟಿದ ಕರುವಿಗೆ ದೊಡ್ಡ ಹೊಟ್ಟೆ ಹೆಸರಿಗೆ ಮಾತ್ರ ಇರುತ್ತದೆ. ಚೀಪಿದ ಹಾಲು ಒಂದು ಕಾಲುವೆಯ ಮೂಲಕ ನೇರವಾಗಿ ನಾಲ್ಕನೆಯ ಹೊಟ್ಟೆಗೆ ಇಳಿಯುತ್ತದೆ. ಎರಡು ಮೂರು ವಾರಕ್ಕೆ ತಾಯಿಯ ಮುಂದಿನ ಹುಲ್ಲಿಗೆ ಬಾಯಿ ಹಾಕಿ, ದವಡೆ ಆಡಿಸಲು ಆರಂಭಿಸುತ್ತದೆ. ಮೊದಲ ವಾರದಿಂದಲೇ ಒಂದು ಹಿಡಿ ಒಳ್ಳೆಯ ಹುಲ್ಲು, ಸ್ವಲ್ಪ ಕರು ಆಹಾರ, ಶುದ್ಧ ನೀರು ಮುಂದಿಟ್ಟರೆ ದೊಡ್ಡ ಹೊಟ್ಟೆ ಬೇಗ ಬೆಳೆಯುತ್ತದೆ. ಕರು ಮೆಲುಕು ಹಾಕಿದ ದಿನ ಅದು ದನವಾಯಿತು ಎನ್ನಬಹುದು.

ಮೆಲುಕು ಕೆಡದಂತೆ ನೆನಪಿಡಬೇಕಾದ್ದು

1. ಪ್ರತಿದಿನ ಹೊಟ್ಟೆ ತುಂಬ ನಾರಿನ ಮೇವು ಇರಲಿ. ಮೇವನ್ನು ಒಂದರಿಂದ ಎರಡು ಅಂಗುಲಕ್ಕೆ ಕತ್ತರಿಸಿದರೆ ಸಾಕು, ಪುಡಿ ಮಾಡಬೇಡಿರಿ.

2. ಹಿಂಡಿ, ಪಶು ಆಹಾರವನ್ನು ಒಂದೇ ಸಲ ಸುರಿಯದೆ ಎರಡು ಮೂರು ಪಾಲು ಮಾಡಿ ಕೊಡಿರಿ. ಮೊದಲು ಹುಲ್ಲು, ಆಮೇಲೆ ಹಿಂಡಿ.

3. ಮೇವು ಬದಲಿಸುವಾಗ ಒಂದೆರಡು ವಾರ ಹಳೆಯದರ ಜೊತೆ ಹೊಸದನ್ನು ಬೆರೆಸುತ್ತ ಹೋಗಿರಿ. ಒಳಗಿನ ಆಳುಗಳಿಗೆ ಹೊಸ ಕೆಲಸ ರೂಢಿಯಾಗಬೇಕು.

4. ದ್ವಿದಳ ಹಸಿ ಸೊಪ್ಪನ್ನು ಬಾಡಿಸಿ, ಒಣಹುಲ್ಲಿನ ಜೊತೆ ಕೊಡಿರಿ.

5. ಮಧ್ಯಾಹ್ನ ನೆರಳು, ಬೇಕಾದಷ್ಟು ನೀರು, ಮಲಗಲು ಒಣ ಜಾಗ ಇರಲಿ.

6. ಹಬ್ಬದ ಅಡಿಗೆ ಹಸುವಿಗೆ ಒಂದು ತುತ್ತು ಮಾತ್ರ.

ಹಳೆಯ ನೆನಪುಗಳನ್ನು ಮೆಲುಕು ಹಾಕುವುದು ಎಂದು ನಾವು ಮನುಷ್ಯರಿಗೂ ಈ ಮಾತನ್ನು ಎರವಲು ತಂದಿದ್ದೇವೆ. ಕಂಡದ್ದನ್ನು, ಕೇಳಿದ್ದನ್ನು ಒಮ್ಮೆಗೆ ನುಂಗಿ, ಬಿಡುವಾದಾಗ ಮತ್ತೆ ತಂದು ಅರೆದು ಸಾರ ತೆಗೆಯುವುದು. ದನದಿಂದ ಕಲಿತ ಮಾತು ಇದು. ಇಂದು ಸಂಜೆ ಹಾಲು ಕರೆದು ಕೊಟ್ಟಿಗೆಯ ದೀಪ ಆರಿಸುವ ಮೊದಲು ಹತ್ತು ನಿಮಿಷ ನಿಂತು ನಿಮ್ಮ ದನಗಳ ದವಡೆಗಳನ್ನು ನೋಡಿರಿ. ಯಾವುದು ತಿರುಗುತ್ತಿದೆ, ಯಾವುದು ನಿಂತಿದೆ ಎಂದು ಗಮನಿಸಿರಿ. ನಿಂತಿರುವುದರ ಬಳಿಗೆ ಮೊದಲು ಹೋಗಿರಿ.